ನಿಂಬೆಸಿಪ್ಪೆಯ ಮೇಲಿನ ಬೆಳಕು

ಚಿ. ಮಗಳೇ,

ನಿನ್ನ ಸೋದರಮಾವನ ಆಶೀರ್ವಾದಗಳು. ನೀನು ಕಳಿಸಿದ ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ) ಚಿತ್ರದ ಫೋಟೊ ನೋಡಿದೆ. ತಲೆಬುರುಡೆ, ಆರಿದ ಮೇಣದಬತ್ತಿ, ಮರಳುಗಡಿಯಾರ, ಬಾಡಿದ ಗುಲಾಬಿ ಎಲ್ಲವೂ ಇವೆ; ಆದರೆ ಅವುಗಳ ಮೇಲೆ ಬಿದ್ದ ಬೆಳಕು ಒಂದೇ ತೆರನಾಗಿರುವುದರಿಂದ ಮೂಳೆ ಯಾವುದು, ಮೇಣ ಯಾವುದು ಎಂದು ತಿಳಿಯುವುದಿಲ್ಲ. ಬದುಕು ಅನಿತ್ಯವೆನ್ನುವ ಸಂಕೇತಗಳನ್ನು ಕೂಡಿಹಾಕುವ ಅವಸರದಲ್ಲಿ ವಸ್ತುಗಳನ್ನು ನೋಡುವುದೇ ಬಿಟ್ಟುಹೋಗಿದೆ.

ಹಾಲೆಂಡಿನ ಹಾರ್ಲೆಮ್ ಪಟ್ಟಣದ ವಿಲ್ಲೆಮ್ ಹೇಡಾ 1635ರಲ್ಲಿ ಬರೆದ, ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ಚಿತ್ರವನ್ನು ನಿಧಾನವಾಗಿ ನೋಡು. ಬಹುಪಾಲು ಬೂದು, ಕಂದು, ಮಾಸಲು ಹಸಿರು ಬಣ್ಣಗಳಲ್ಲೇ ಅವನು ತವರದ ತಟ್ಟೆಯ ಮಂಕು ಹೊಳಪನ್ನು ಉರುಳಿಬಿದ್ದ ಬೆಳ್ಳಿ ಬಟ್ಟಲಿನ ಚುರುಕು ಹೊಳಪಿನಿಂದ ಬೇರ್ಪಡಿಸಿದ್ದಾನೆ. ಗಾಜಿನ ಲೋಟದಲ್ಲಿ ಕಿಟಕಿಯ ಪ್ರತಿಬಿಂಬವಿದೆ, ತಿನ್ನಲು ತೆರೆದಿಟ್ಟ ಸಿಂಪಿಯ (ಆಯ್ಸ್ಟರ್) ಒಳಗು ಒದ್ದೆಯಾಗಿದೆ, ಅರ್ಧ ಸುಲಿದ ನಿಂಬೆಯ ಸಿಪ್ಪೆ ಮೇಜಿನ ಅಂಚಿನಿಂದ ಜೋತುಬಿದ್ದಿದೆ. ಆ ನಿಂಬೆ ನೋಟಕ್ಕೆ ಚೆಂದ, ನಾಲಿಗೆಗೆ ಹುಳಿಯಾದ ಲೋಕಭೋಗದ ಸಂಕೇತವೆಂದು ಕೆಲವರು ವಿವರಿಸುತ್ತಾರೆ. ಇರಬಹುದು, ಆದರೆ ಸಿಂಪಿಯ ಜೊತೆ ನಿಂಬೆ ಹಿಂಡಿಕೊಳ್ಳುವುದು ಊಟದ ರೂಢಿಯೂ ಹೌದಲ್ಲವೇ? ಊಟವನ್ನು ಅರ್ಧಕ್ಕೇ ಬಿಟ್ಟು ಯಾರೋ ಎದ್ದುಹೋದಂತೆ ಕಾಣುವುದರಲ್ಲೇ ಅನಿತ್ಯದ ಅರ್ಥ ನನಗೆ ಹೆಚ್ಚು ಸಿಗುತ್ತದೆ.

ಅದೇ ಊರಿನ ಪೀಟರ್ ಕ್ಲಾಸ್ 1630ರಲ್ಲಿ ಬರೆದ, ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿರುವ ಚಿತ್ರದಲ್ಲಿ ಬುರುಡೆ, ಗಡಿಯಾರ, ಮಗುಚಿದ ಲೋಟ, ಆರಿದ ದೀಪ ಎಲ್ಲವೂ ಉಂಟು. ಬೈಬಲಿನ ಪ್ರಸಂಗಿ ಎಂಬ ಪುಸ್ತಕದ 'ಎಲ್ಲವೂ ವ್ಯರ್ಥ' ಎಂಬ ಮಾತನ್ನು ಬಲ್ಲ ನೋಡುಗರಿಗೆ ಅವುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀನು ಅವನ್ನು ಎರವಲು ತಂದಾಗ ಆ ನಂಟು ಜೊತೆಗೆ ಬರುವುದಿಲ್ಲ.

ಆದ್ದರಿಂದ ಸದ್ಯ ಬುರುಡೆಯನ್ನು ಪಕ್ಕಕ್ಕಿಡು. ಒಂದೇ ಕಿಟಕಿ ತೆರೆದು, ಬಿಳಿ ಪಂಚೆಯ ಮೇಲೆ ಹುಣಿಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ಚೊಂಬು, ಗಾಜಿನ ಲೋಟ, ಹೆಚ್ಚಿದ ನಿಂಬೆಹಣ್ಣು ಇಟ್ಟುಕೋ. ಕಣ್ಣು ಕಿರಿದಾಗಿಸಿ ನೋಡಿದರೆ ನೆರಳಿನ ದೊಡ್ಡ ಆಕಾರಗಳು ಮೊದಲು ಸಿಗುತ್ತವೆ; ಅವನ್ನು ತೆಳುವಾಗಿ ಬಳಿದು, ಬೆಳಕಿಗೆ ಮಾತ್ರ ಎಣ್ಣೆಬಣ್ಣವನ್ನು ದಪ್ಪವಾಗಿ ಇಡು. ಹಿತ್ತಾಳೆಯ ಹೊಳಪಿಗೆ ಲೋಹದ ಹಳದಿ ಬೆರೆತಿರುತ್ತದೆ, ಗಾಜಿನ ಹೊಳಪು ಕಿಟಕಿಯ ಬೆಳಕಿನ ಬಣ್ಣವನ್ನೇ ಹೊತ್ತಿರುತ್ತದೆ. ಎಲ್ಲ ಹೊಳಪಿಗೂ ಟ್ಯೂಬಿನಿಂದ ನೇರವಾಗಿ ಬಿಳಿ ಒತ್ತಿರುವುದೇ ನೀನು ಕಳಿಸಿದ ಚಿತ್ರದ ದೊಡ್ಡ ದೋಷ. ಪಂಚೆಗೆ ಅಂಥ ಹೊಳಪೇ ಇಲ್ಲ, ಅದರ ಮಡಿಕೆಗಳಲ್ಲಿ ಬೆಳಕು ಮೆಲ್ಲಗೆ ಇಳಿಯುತ್ತದೆ. ಈ ಮೂರು ಬೇರೆ ಬೇರೆಯಾಗಿ ಕಂಡ ಮೇಲೆ ಚಿತ್ರವನ್ನು ನನಗೆ ಕಳಿಸು. ನಿಂಬೆಯ ಅರ್ಥವೇನೆಂಬ ಚರ್ಚೆಯನ್ನು ಆಗ ಮಾಡೋಣ.

ಇತಿ,
ನಿನ್ನ ಸೋದರಮಾವ