ರಾಗಿ ಒಳ್ಳೆಯದು ಸರಿ, ಎಷ್ಟು?

ಮಾನ್ಯರೇ,

ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸದ ಭಿತ್ತಿಪತ್ರಗಳು ಗೋಡೆ ಏರುತ್ತವೆ: ಸೊಪ್ಪು ತಿನ್ನಿ, ರಾಗಿ ತಿನ್ನಿ, ಉಪ್ಪು ಕಡಿಮೆ ಮಾಡಿ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅಳತೆ, ಮಾಡುವ ಬಗೆ.

ರಾಗಿಯನ್ನೇ ನೋಡಿ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅನ್ನ ಬಿಟ್ಟು ಎರಡೆರಡು ಮುದ್ದೆ ಉಣ್ಣುವವರಿದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಮೈಯಲ್ಲಿ ಸಕ್ಕರೆಯಾಗುವ ಕಾರ್ಬೊಹೈಡ್ರೇಟ್ ಸುಮಾರು 70 ಗ್ರಾಂ, ಅಷ್ಟೇ ಅಕ್ಕಿಯಲ್ಲಿ 78. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಬಹಳ ಹೆಚ್ಚು, ನಿಜ. ಆದರೆ ಮುದ್ದೆ ಎರಡಾದರೆ ಅನ್ನ ಬಿಟ್ಟು ಉಳಿಸಿದ್ದೇನು? ನುಣ್ಣಗೆ ಬೀಸಿ ತೆಳ್ಳಗೆ ಕಾಸಿದ ಗಂಜಿಯಂತೂ ಬೇಗ ಜೀರ್ಣವಾಗಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಮುದ್ದೆ ಒಂದೇ ಸಾಕು, ಅದೂ ಚಿಕ್ಕದು. ಜೊತೆಗೆ ಎರಡು ಸೌಟು ಕಾಳು, ಮುದ್ದೆಗಿಂತ ಹೆಚ್ಚು ಪಲ್ಯ ಇರಲಿ.

ಸೊಪ್ಪಿನ ಕಥೆಯೂ ಹೀಗೆಯೇ. ಬೇಯಿಸಿದ ನೀರನ್ನು ಚೆಲ್ಲಿದರೆ ಫೋಲೇಟ್ ಎಂಬ ಬಿ ವಿಟಮಿನ್ ಮತ್ತು ಸಿ ವಿಟಮಿನ್‌ನ ಒಂದು ಪಾಲು ಅದರೊಂದಿಗೇ ಹೋಗುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಈ ತಪ್ಪು ಆಗುವುದಿಲ್ಲ, ಬಸಿದ ನೀರೇ ಸಾರು. ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತಬೇಕಾದರೆ ನಿಂಬೆಹುಳಿ ಬೇಕು. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಕಾವಿಗೆ ಕೆಡುತ್ತದೆ, ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಊಟದ ಬೆನ್ನಲ್ಲೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ತಡೆಯಿರಿ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ. ಅಡುಗೆಮನೆಯಲ್ಲಿ ಗ್ರಾಂ ತೂಗುವವರು ಯಾರು? ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ನಾಲ್ಕು ಜನರ ಮನೆಗೆ ಒಂದು ಕೆ.ಜಿ. ಉಪ್ಪು ಕನಿಷ್ಠ 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ಕೈ ಜೋರಾಯಿತೆಂದೇ ಅರ್ಥ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಈ ಲೆಕ್ಕದ ಹೊರಗೆ. ಅವುಗಳ ಪೊಟ್ಟಣದ ಮೇಲಿನ ಪೋಷಕಾಂಶ ಪಟ್ಟಿಯಲ್ಲಿ ಉಪ್ಪು ಎಂದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. ಅದನ್ನು 2.5ರಿಂದ ಗುಣಿಸಿ. 100 ಗ್ರಾಂ ಮಿಕ್ಸ್ಚರ್‌ಗೆ 800 ಮಿ.ಗ್ರಾಂ ಸೋಡಿಯಂ ಎಂದಿದ್ದರೆ ಉಪ್ಪು 2 ಗ್ರಾಂ. ಅಂಕಿ 100 ಗ್ರಾಂಗೋ, ಒಂದು ‘ಸರ್ವಿಂಗ್’ಗೋ (ಒಂದು ಸಲದ ಪಾಲಿಗೋ) ನೋಡಿಕೊಳ್ಳಿ. ಸರ್ವಿಂಗ್ 30 ಗ್ರಾಂ ಎಂದು ಬರೆದ 150 ಗ್ರಾಂ ಪೊಟ್ಟಣವನ್ನು ಒಬ್ಬರೇ ಖಾಲಿ ಮಾಡುವುದು ಹೊಸದೇನಲ್ಲ.

ಎಣ್ಣೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯ ಮಾದರಿ ಊಟದ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಇದೆ. ನಾಲ್ಕು ಜನರಿಗೆ ತಿಂಗಳಿಗೆ ತುಪ್ಪವೂ ಸೇರಿ ಸುಮಾರು ಮೂರೂವರೆ ಲೀಟರ್.

ಮುಂದಿನ ಭಿತ್ತಿಪತ್ರದಲ್ಲಿ ಘೋಷಣೆಯ ಬದಲು ಉಪ್ಪು, ಎಣ್ಣೆಯ ಈ ಎರಡು ಲೆಕ್ಕ ದಪ್ಪಕ್ಷರದಲ್ಲಿ ಬರಲಿ. ಅಂಟಿಸುವುದಾದರೆ ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸಿ. ಮನೆಗೆ ದಿನಸಿ ಹೊರುವವರು ಸಾಲು ನಿಲ್ಲುವುದು ಅಲ್ಲಿ.

– ಪೌಷ್ಟಿಕಾಂಶ ಸಲಹೆಗಾರರು, ಮಂಡ್ಯ