‘ಅತಿ ಕಡಿಮೆ ಬೆಲೆ’ ಎಂಬ ಬೋರ್ಡಿಗೆ ಜವಾಬು ಹೇಳುವವರು ಯಾರು?

ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ತುಮಕೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀ ಪ್ರಲ್ಹಾದ ಜೋಶಿ ಅವರಿಗೆ,

ತುಮಕೂರಿನ ಗ್ರಾಹಕಿಯೊಬ್ಬಳ ನಮಸ್ಕಾರಗಳು.

ತಾವು ಧಾರವಾಡದಿಂದ ಗೆದ್ದು ದೆಹಲಿಗೆ ಹೋದವರು. ಈ ಪತ್ರವನ್ನು ಯಾರೋ ಇಂಗ್ಲಿಷಿಗೋ ಹಿಂದಿಗೋ ತಿರುಗಿಸಿ ತಮ್ಮ ಮುಂದಿಡಬೇಕಾಗಿಲ್ಲ ಎಂಬ ಧೈರ್ಯದಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ವಿಷಯ ಸಣ್ಣದು ಅನ್ನಿಸಬಹುದು. ತೂಕ, ಅಳತೆ, ಎಂಆರ್‌ಪಿ, ದಾರಿ ತಪ್ಪಿಸುವ ಜಾಹೀರಾತು, ಇಷ್ಟೂ ತಮ್ಮ ಒಂದೇ ಖಾತೆಯ ಕೆಳಗೆ ಬರುವುದರಿಂದ ತಮಗೇ ಹೇಳಬೇಕಾಯಿತು.

ನಮ್ಮೂರಿಗೆ ದೊಡ್ಡ ರಿಯಾಯಿತಿ ಮಳಿಗೆಗಳು ಬಂದ ಮೇಲೆ ತಿಂಗಳ ಸಾಮಾನು ತರುವ ರೀತಿಯೇ ಬದಲಾಗಿದೆ. ಮಂಡಿಪೇಟೆಯಲ್ಲಿ ಚೀಟಿ ಕೊಟ್ಟು ಸಾಮಾನು ಕಟ್ಟಿಸುತ್ತಿದ್ದವರು ಈಗ ಭಾನುವಾರ ಸಂಜೆ ಟ್ರಾಲಿ ತಳ್ಳುತ್ತಾರೆ. ಇದನ್ನು ದೂರಲು ನಾನು ಕೂತಿಲ್ಲ. ಸಕ್ಕರೆ, ಎಣ್ಣೆ, ಬೇಳೆ ಅಲ್ಲಿ ನಿಜವಾಗಿಯೂ ಕಡಿಮೆಗೆ ಸಿಗುತ್ತವೆ, ನಾನೂ ತರುತ್ತೇನೆ. ನನ್ನ ತಕರಾರು ಗೋಡೆಯ ಮೇಲಿನ ಮಾತಿನ ಬಗ್ಗೆ. ‘ಅತಿ ಕಡಿಮೆ ಬೆಲೆ’, ‘ಇದಕ್ಕಿಂತ ಕಡಿಮೆಗೆ ಬೇರೆಲ್ಲಾದರೂ ಸಿಕ್ಕರೆ ನಮಗೆ ಹೇಳಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಹೋಗಿ ಹೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ.

ಒಂದು ಮಳಿಗೆಯಲ್ಲಿ ಬಟ್ಟೆ ಒಗೆಯುವ ಲಿಕ್ವಿಡ್ ತೆಗೆದುಕೊಂಡೆ. ಆ ಮಳಿಗೆಯ ಕಂಪನಿಯದೇ ಆ್ಯಪ್‌ನಲ್ಲಿ ಅದೇ ಡಬ್ಬಿಗೆ ₹38 ಕಡಿಮೆ ಇತ್ತು. ಬಿಲ್ಲಿನ ಕೌಂಟರಿನಲ್ಲಿ ಮೊಬೈಲ್ ತೋರಿಸಿದೆ. ‘ಅದು ಆನ್‌ಲೈನ್ ರೇಟ್ ಮೇಡಂ, ನಮ್ಮ ಸಿಸ್ಟಂ ತಗೊಳ್ಳಲ್ಲ’ ಅಂದಳು ಹುಡುಗಿ. ಅವಳ ತಪ್ಪೇನೂ ಇಲ್ಲ, ಹಿಂದೆ ನಿಂತವರು ಗೊಣಗುತ್ತಿದ್ದರು, ಅವಳ ಕೈಯಲ್ಲಿ ಬೆಲೆ ತಿದ್ದುವ ಅಧಿಕಾರವೂ ಇರಲಿಲ್ಲ. ಮ್ಯಾನೇಜರ್ ಬಂದು, ಷರತ್ತುಗಳೆಲ್ಲ ವೆಬ್‌ಸೈಟಿನಲ್ಲಿವೆ ಎಂದರು. ಹುಡುಕಿದೆ. ಇದ್ದವು, ಇಂಗ್ಲಿಷಿನಲ್ಲಿ. ಬೋರ್ಡು ಮಾತ್ರ ಅಚ್ಚ ಕನ್ನಡದಲ್ಲಿ.

ಈ ಮಾತನ್ನು ನಾನು ನಾಲ್ಕು ಜನರ ಮುಂದೆ ಎತ್ತಿದಾಗ ಎಲ್ಲರೂ ನನ್ನ ಪರ ನಿಲ್ಲಲಿಲ್ಲ, ಅದನ್ನೂ ತಮಗೆ ಹೇಳಬೇಕು. ಎಸ್.ಎಸ್. ಪುರಂನಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು, ‘ಹತ್ತು ರೂಪಾಯಿಗೆ ಅಲ್ಲಿ ನಿಂತು ವಾದ ಮಾಡೋದು ನನ್ನ ಕೈಲಾಗಲ್ಲಮ್ಮ. ಕಡಿಮೆ ಇದ್ದ ಕಡೆ ಹೋಗಿ ತರ್ತೀನಿ, ಅಷ್ಟೆ’ ಎಂದರು. ಕಾಲೇಜು ಹುಡುಗರಿಗೆ ಮೆಸ್ ನಡೆಸುವ ಹೆಂಗಸಿಗೆ ಇದು ಹತ್ತು ರೂಪಾಯಿಯ ಮಾತಲ್ಲ. ತಿಂಗಳಿಗೆ ಅವಳು ಕೊಳ್ಳುವ ಎಣ್ಣೆ, ಬೇಳೆಯ ಲೆಕ್ಕದಲ್ಲಿ ಲೀಟರಿಗೆ, ಕಿಲೋಗೆ ಮೂರು ರೂಪಾಯಿ ಹೆಚ್ಚುಕಮ್ಮಿಯಾದರೂ ಅಡುಗೆಯವಳ ಸಂಬಳಕ್ಕೆ ತಾಗುತ್ತದೆ. ‘ಸರಿಯಾಗಿ ಕೊಡೋದಾದ್ರೆ ನಾನು ದಿನಾ ಬೇಕಾದ್ರೂ ಫೋಟೊ ಹೊಡ್ಕೊಂಡು ಹೋಗ್ತೀನಕ್ಕ’ ಎಂದಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳ ಮಾತು ನನಗೆ ಹೆಚ್ಚು ನಾಟಿತು: ಬೆಲೆ ಕಡಿಮೆ ಮಾಡುವುದಾದರೆ ಎಲ್ಲರಿಗೂ ಮಾಡಲಿ, ಕೇಳಿದವರಿಗೆ ಮಾತ್ರ ಕೊಟ್ಟರೆ ಕೇಳಲು ನಾಚಿಕೆಪಡುವವರಿಗೆ ದಂಡ ಹಾಕಿದ ಹಾಗಲ್ಲವಾ ಅಂತ.

ಇನ್ನು ಮಂಡಿಪೇಟೆಯ ದಿನಸಿ ಅಂಗಡಿಯವರು. ಬೇರೆ ಕಡೆಯ ಕಡಿಮೆ ಬೆಲೆ ತೋರಿಸಿದರೆ ಅದೇ ಬೆಲೆಗೆ ಕೊಡುವ ‘ಪ್ರೈಸ್ ಮ್ಯಾಚ್’ ಎಂದರೆ ಅವರಿಗೆ ನಗು. ಅಲ್ಲಿ ಇದು ತಲೆತಲಾಂತರದಿಂದ ನಡೆದಿದೆ. ‘ಅಲ್ಲಿ ಎಷ್ಟಕ್ಕೆ ಕೊಟ್ರು ಹೇಳಕ್ಕ, ನಾನೂ ಅಷ್ಟಕ್ಕೇ ಹಾಕ್ತೀನಿ’ ಎಂಬ ಮಾತಿಗೆ ಷರತ್ತಿಲ್ಲ, ವೆಬ್‌ಸೈಟಿಲ್ಲ. ಆದರೆ ಆ ಮಾತು ಮುಖ ನೋಡಿ ಬರುತ್ತದೆ ಎಂಬುದೂ ನಿಜವೇ. ಖಾತೆ ಇಟ್ಟ ಹಳೆಯ ಗಿರಾಕಿಗೆ ಒಂದು ರೇಟು, ಶಿರಾದಿಂದ ಬಸ್ಸಿಳಿದು ಬಂದ ಅಪರಿಚಿತನಿಗೆ ಇನ್ನೊಂದು. ದೊಡ್ಡ ಮಳಿಗೆಯಲ್ಲಿ ನಮಗೆ ಇಷ್ಟವಾದದ್ದೇ ಎಲ್ಲರಿಗೂ ಒಂದೇ ರೇಟು ಎಂಬ ನಂಬಿಕೆ. ಆ ನಂಬಿಕೆಯ ಬಂಡವಾಳದ ಮೇಲೆ ವ್ಯಾಪಾರ ಮಾಡುವವರು ಗೋಡೆಯ ಮಾತಿಗೂ ಬದ್ಧರಾಗಿರಬೇಕಲ್ಲವೇ?

ಹೊರದೇಶದ ಕಥೆಯನ್ನೂ ಸ್ವಲ್ಪ ಓದಿಕೊಂಡೆ. ಅಮೆರಿಕದ ಟಾರ್ಗೆಟ್ ಮಳಿಗೆಗಳಲ್ಲಿ ಅಮೆಜಾನ್, ವಾಲ್‌ಮಾರ್ಟ್‌ಗಳ ಕಡಿಮೆ ಬೆಲೆ ತೋರಿಸಿದರೆ ಅದೇ ಬೆಲೆಗೆ ಕೊಡುವ ಪದ್ಧತಿ ವರ್ಷಗಟ್ಟಲೆ ಇತ್ತು. 2025ರ ಜುಲೈ 28ರಿಂದ ಅದನ್ನು ನಿಲ್ಲಿಸಿ, ತಮ್ಮದೇ ಅಂಗಡಿ ಮತ್ತು ತಮ್ಮದೇ ವೆಬ್‌ಸೈಟಿನ ಬೆಲೆಗಳಿಗೆ ಸೀಮಿತ ಮಾಡಿದರು. ಅಂದರೆ ಕೈಬಿಟ್ಟ ಮೇಲೂ ಸ್ವಂತ ವೆಬ್‌ಸೈಟಿನ ಬೆಲೆಗೆ ಅವರು ಅಂಗಡಿಯಲ್ಲಿ ಕೊಡುತ್ತಾರೆ. ನನ್ನ ₹38 ಅಲ್ಲಾಗಿದ್ದರೆ ಉಳಿಯುತ್ತಿತ್ತು! ಬ್ರಿಟನ್ನಿನ ಜಾನ್ ಲೂಯಿಸ್ ಎಂಬ ಹಳೆಯ ಅಂಗಡಿ 1925ರಿಂದ ಹೇಳಿಕೊಂಡು ಬಂದಿದ್ದ ‘ನಮಗಿಂತ ಕಡಿಮೆಗೆ ಯಾರೂ ಮಾರರು’ ಎಂಬರ್ಥದ ಮಾತನ್ನು 2022ರಲ್ಲಿ ಕೈಬಿಟ್ಟು, 2024ರಲ್ಲಿ ಮತ್ತೆ ಎತ್ತಿಕೊಂಡಿತು. ಮಾತು ಕೊಟ್ಟರೆ ಹೀಗೆ ಕೊಟ್ಟೆವು, ಹಿಂತೆಗೆದುಕೊಂಡರೆ ಇಂಥ ದಿನದಿಂದ ಹಿಂತೆಗೆದುಕೊಂಡೆವು ಎಂದು ಬಹಿರಂಗವಾಗಿ ಹೇಳುವ ಶಿಸ್ತು ಅಲ್ಲಿದೆ. ನಮ್ಮಲ್ಲಿ ಬೋರ್ಡು ಹಳೆಯದಾಗಿ ಬಣ್ಣ ಹೋದಾಗ ಮಾತೂ ಹೋಗುತ್ತದೆ, ಅಷ್ಟೆ.

ಹಾಗಂತ ಎಲ್ಲ ಮಳಿಗೆಗಳೂ ಪ್ರೈಸ್ ಮ್ಯಾಚ್ ಮಾಡಲೇಬೇಕು ಎಂಬ ಕಾನೂನು ತನ್ನಿ ಎಂದು ನಾನು ಕೇಳುತ್ತಿಲ್ಲ. ಅದರಿಂದ ಕೆಡುಕೇ ಹೆಚ್ಚಾಗಬಹುದು. ‘ನೀನು ಎಷ್ಟಕ್ಕೆ ಇಳಿಸಿದರೂ ನಾನೂ ಇಳಿಸುತ್ತೇನೆ’ ಎಂದು ಒಬ್ಬ ವರ್ತಕ ಸಾರಿದರೆ ಎದುರು ಅಂಗಡಿಯವನಿಗೆ ಇಳಿಸುವ ಆಸೆಯೇ ಹೋಗುತ್ತದೆ, ಇಳಿಸಿದರೂ ಗಿರಾಕಿ ಬರುವುದಿಲ್ಲವಲ್ಲ. ಕೊನೆಗೆ ಇಬ್ಬರ ಬೆಲೆಯೂ ಮೇಲೆಯೇ ನಿಲ್ಲುತ್ತದೆ. ಅರ್ಥಶಾಸ್ತ್ರಜ್ಞರು 1980ರ ದಶಕದಿಂದಲೂ ಈ ಅನುಮಾನ ಎತ್ತುತ್ತಿದ್ದಾರೆ. ಅಂಗಡಿಯವರು ಮಾತು ಕೊಡದೇ ಇರಲಿ, ತೊಂದರೆಯಿಲ್ಲ. ಕೊಟ್ಟ ಮೇಲೆ ಅದನ್ನು ಕೌಂಟರಿನಲ್ಲಿ ನಡೆಸಿಕೊಡಬೇಕು. ನಡೆಸಿಕೊಟ್ಟರೋ ಇಲ್ಲವೋ ಎಂದು ಗಿರಾಕಿ ತಾನೇ ತಾಳೆ ನೋಡುವಂತಿರಬೇಕು.

ತಾಳೆ ನೋಡುವುದೇ ಈಗ ಕಷ್ಟವಾಗಿರುವುದು. ಅದಕ್ಕೆ ಸ್ವಲ್ಪ ಕಾರಣ ತಮ್ಮ ಇಲಾಖೆಯದೇ ನಿಯಮ.

ಮೊದಲು ಬಿಸ್ಕತ್ತು, ಚಹಾ, ಕಾಫಿ, ಅಡುಗೆ ಎಣ್ಣೆ, ಸೋಪು, ಹಿಟ್ಟು ಹೀಗೆ 19 ಬಗೆಯ ಸರಕುಗಳನ್ನು ಇಂತಿಷ್ಟೇ ತೂಕದ ಪೊಟ್ಟಣದಲ್ಲಿ ಮಾರಬೇಕೆಂಬ ಪಟ್ಟಿ 2011ರ ಪೊಟ್ಟಣ ಸರಕು ನಿಯಮಗಳಲ್ಲಿತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು. ಈಗ ಯಾವ ತೂಕದಲ್ಲಾದರೂ ಪೊಟ್ಟಣ ಮಾಡಬಹುದು. ಎಣ್ಣೆಯ ಪ್ಯಾಕೆಟ್ಟು ಒಂದು ಲೀಟರಿನದೇ ಎಂದು ಕಣ್ಣು ಮುಚ್ಚಿ ಎತ್ತಿಕೊಳ್ಳುವ ಕಾಲ ಹೋಯಿತು, ತಿರುಗಿಸಿ ಗ್ರಾಂ ಓದಬೇಕು. ಪ್ರೈಸ್ ಮ್ಯಾಚ್ ಮಾತು ಹಳ್ಳ ಹಿಡಿಯುವುದೂ ಇಲ್ಲೇ. ‘ಅದೇ ವಸ್ತು, ಅದೇ ಬ್ರಾಂಡು, ಅದೇ ತೂಕ’ ಇದ್ದರೆ ಮಾತ್ರ ಎಂಬುದು ಇಂಥ ಯೋಜನೆಗಳ ಮೊದಲ ಷರತ್ತು. ಒಂದು ಕಡೆಯ ಪೊಟ್ಟಣ 950 ಗ್ರಾಂ, ಇನ್ನೊಂದು ಕಡೆಯದು 1 ಕಿಲೋ ಆದರೆ, ಬಣ್ಣ, ಚಿತ್ರ, ಹೆಸರು ಎಲ್ಲ ಒಂದೇ ಆದರೂ ಅದು ‘ಬೇರೆ ವಸ್ತು’. ಮಳಿಗೆಯ ಸ್ವಂತ ಬ್ರಾಂಡಿನ ಬೇಳೆಗಂತೂ ಹೋಲಿಸಲು ಜೋಡಿಯೇ ಸಿಗದು.

ಪಟ್ಟಿ ತೆಗೆದದ್ದಕ್ಕೆ ಬದಲಾಗಿ ಅದೇ ತಿದ್ದುಪಡಿಯಲ್ಲಿ ಪೊಟ್ಟಣದ ಮೇಲೆ ಗ್ರಾಂಗೆ, ಕಿಲೋಗೆ, ಲೀಟರಿಗೆ ಎಷ್ಟು ಎಂಬ ದರ ಅಚ್ಚು ಹಾಕಬೇಕೆಂದು ತಮ್ಮ ಇಲಾಖೆ ನಿಯಮ ತಂದಿತು. ಒಳ್ಳೆಯ ಉದ್ದೇಶ. ಆದರೆ ಆ ದರವನ್ನು ಲೆಕ್ಕ ಹಾಕುವುದು ಎಂಆರ್‌ಪಿ ಮೇಲೆ, ನಾವು ಕೊಡುವ ಬೆಲೆಯ ಮೇಲಲ್ಲ. ಒಂದು ಉದಾಹರಣೆ ನೋಡಿ. ₹200 ಎಂಆರ್‌ಪಿ ಇರುವ 800 ಗ್ರಾಂ ಪೊಟ್ಟಣದ ಮೇಲೆ ಗ್ರಾಂಗೆ 25 ಪೈಸೆ, ಅಂದರೆ ಕಿಲೋಗೆ ₹250 ಎಂದಾಯಿತು. ಪಕ್ಕದ 1 ಕಿಲೋ ಪೊಟ್ಟಣದ ಎಂಆರ್‌ಪಿ ₹240. ಅಚ್ಚಾದ ಅಂಕಿ ನಂಬಿದವರು ದೊಡ್ಡದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಮಳಿಗೆ ಚಿಕ್ಕದನ್ನು ₹152ಕ್ಕೂ ದೊಡ್ಡದನ್ನು ₹200ಕ್ಕೂ ಮಾರುತ್ತಿದ್ದರೆ ಕಿಲೋ ಲೆಕ್ಕದಲ್ಲಿ ಚಿಕ್ಕದು ₹190, ದೊಡ್ಡದು ₹200. ಲೆಕ್ಕ ತಲೆಕೆಳಗಾಯಿತು. ರಿಯಾಯಿತಿಯೇ ಇಲ್ಲದ ಅಂಗಡಿಯಲ್ಲಿ ಕೆಲಸಕ್ಕೆ ಬರುವ ಅಂಕಿ ರಿಯಾಯಿತಿ ಮಳಿಗೆಯಲ್ಲಿ ಗಿರಾಕಿಯ ದಾರಿ ತಪ್ಪಿಸುತ್ತದೆ. ಯುರೋಪಿನಲ್ಲಿ ಮಾರುವ ಬೆಲೆಯ ಮೇಲೆ ಲೆಕ್ಕ ಹಾಕಿದ ಕಿಲೋ ದರವನ್ನು ಮಾರುವವರೇ ಗಿರಾಕಿಗೆ ಕಾಣುವಂತೆ ತೋರಿಸಬೇಕೆಂಬ ನಿಯಮ 1998ರಿಂದಲೇ ಇದೆ. ಇಲ್ಲಿ ದೊಡ್ಡ ಮಳಿಗೆಗಳಿಗೆ ಅದೇನೂ ಭಾರವಾಗದು, ಶೆಲ್ಫಿನ ಚೀಟಿ ಹೇಗೂ ಕಂಪ್ಯೂಟರಿನಿಂದಲೇ ಬರುತ್ತದೆ. ಮಂಡಿಪೇಟೆಯ ಸಣ್ಣ ಅಂಗಡಿಯವರ ಮೇಲೆ ಮಾತ್ರ ಇದನ್ನು ಹೇರಬೇಡಿ.

ನಮ್ಮ ಜಿಲ್ಲೆಯಲ್ಲೇ ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಟೆಂಡರ್ ಮುಗಿದ ಕೂಡಲೇ ಕ್ವಿಂಟಲ್ ದರ ಊರೂರಿಗೆ ಗೊತ್ತಾಗುತ್ತದೆ. ಬೆಳೆದವನು ಮಾರುವ ಬೆಲೆ ಇಷ್ಟು ಬಯಲಾಗಿದೆ. ಕೊಬ್ಬರಿ ಎಣ್ಣೆಯನ್ನು ಬಾಟಲಿಗೆ ತುಂಬಿ ನಮಗೆ ಮಾರುವಾಗ ಮಾತ್ರ ಯಾವ ಬೆಲೆ ನಿಜ ಎಂದು ಮೂರು ಕಡೆ ಹುಡುಕಬೇಕು.

ಎಂಆರ್‌ಪಿ ಮೇಲಿನ ರಿಯಾಯಿತಿಯ ಬಗ್ಗೆಯೂ ಒಂದು ಮಾತು. 1990ರಲ್ಲಿ ಎಂಆರ್‌ಪಿ ಬಂದದ್ದು ಅಂಗಡಿಯವರು ತೆರಿಗೆಯ ಹೆಸರಿನಲ್ಲಿ ಮೇಲೆ ಮೇಲೆ ಕೇಳದಿರಲಿ ಎಂದು. ಈಗ ಅದು ಮೂಗಿಗೆ ತುಪ್ಪ ಸವರುವ ಸಾಧನವಾಗಿದೆ. ಎಂಆರ್‌ಪಿಯನ್ನು ತಯಾರಕರೇ ಬರೆದುಕೊಳ್ಳುತ್ತಾರೆ, ಆಮೇಲೆ ಅದರ ಮೇಲೆ ಶೇ 40 ಕಡಿತ ಎಂದು ಕೆಂಪು ಚೀಟಿ ಅಂಟುತ್ತದೆ. 2025ರ ಸೆಪ್ಟೆಂಬರ್ 22ರಂದು ಸೋಪು, ಶ್ಯಾಂಪೂ, ಟೂತ್‌ಪೇಸ್ಟ್‌ಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ, ಬಿಲ್ಲಿನಲ್ಲಿ ಕಂಡ ಇಳಿಕೆ ಸರ್ಕಾರದ್ದೋ ಮಳಿಗೆಯದ್ದೋ ಎಂದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ತೀರ್ಮಾನವಾಗಲಿಲ್ಲ. ಹಿಂದಿನ 30 ದಿನಗಳಲ್ಲಿ ಅದೇ ಅಂಗಡಿ ಅದೇ ವಸ್ತುವನ್ನು ಮಾರಿದ ಅತಿ ಕಡಿಮೆ ಬೆಲೆಯನ್ನು ತೋರಿಸಿಯೇ ರಿಯಾಯಿತಿ ಸಾರಬೇಕು ಎಂದು ಯುರೋಪಿಯನ್ ಒಕ್ಕೂಟದಲ್ಲಿ ನಿಯಮವಿದೆ. ಅಂಥದ್ದು ಇಲ್ಲಿದ್ದಿದ್ದರೆ ನಮ್ಮ ಚರ್ಚೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಬೋರ್ಡಿನ ವಿಷಯಕ್ಕೆ ಹೊಸ ಕಾನೂನೇ ಬೇಕಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ದಾರಿ ತಪ್ಪಿಸುವ ಜಾಹೀರಾತು ತಡೆಗೆ 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು ಎಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇಂಥ ತಪ್ಪಿಗೆ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಪ್ರಾಧಿಕಾರಕ್ಕಿದೆ. ಹಾಗಾದರೆ ಕನ್ನಡದ ಗೋಡೆಬರಹಕ್ಕೆ ಇಂಗ್ಲಿಷ್ ವೆಬ್‌ಸೈಟಿನ ಷರತ್ತು ಹೇಗೆ ನಡೆಯುತ್ತದೆ? ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ ಎನ್ನಬಹುದು. ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ, ಅದು ಒಳ್ಳೆಯದೇ. ಆದರೆ ₹38ಕ್ಕೆ ಯಾರು ಕೆಲಸ ಬಿಟ್ಟು ತಾರೀಖಿನಿಂದ ತಾರೀಖಿಗೆ ಅಲೆದಾರು? ಆ ಮಳಿಗೆಗೂ ಇದು ಗೊತ್ತು. ಒಬ್ಬೊಬ್ಬ ಗಿರಾಕಿಯ ನಷ್ಟ ಕೋರ್ಟಿಗೆ ಹೋಗಲಾರದಷ್ಟು ಚಿಕ್ಕದಿದ್ದಾಗಲೇ ಪ್ರಾಧಿಕಾರ ತಾನಾಗಿ ನೋಡಬೇಕಾದದ್ದು.

ಆದ್ದರಿಂದ ತಮ್ಮಲ್ಲಿ ಕೇಳುವುದಿಷ್ಟು. ‘ಅತಿ ಕಡಿಮೆ ಬೆಲೆ’ ಎಂದು ಬರೆಯುವ ಮಳಿಗೆ ಯಾವ ವಸ್ತುವಿಗೆ, ಯಾರ ಬೆಲೆಗೆ ಹೋಲಿಸಿ, ಯಾವ ದಿನದ ಲೆಕ್ಕ ಎಂಬುದನ್ನು ಅದೇ ಬೋರ್ಡಿನ ಕೆಳಗೆ ಕನ್ನಡದಲ್ಲಿ ಬರೆಯಲಿ. ಬರೆಯಲಾಗದಿದ್ದರೆ ಬೋರ್ಡು ಇಳಿಸಲಿ. ಒಂದೇ ಕಂಪನಿಯ ಆ್ಯಪ್ ಮತ್ತು ಅಂಗಡಿಯ ಬೆಲೆ ಬೇರೆಯಾಗಿದ್ದರೆ ಅದನ್ನು ಬಾಗಿಲಲ್ಲೇ ತಿಳಿಸಲಿ. ಮನೆಗೆ ತಲುಪಿಸುವ ಖರ್ಚು, ಗೋದಾಮಿನ ಖರ್ಚು ಬೇರೆ ಬೇರೆ ಎಂಬ ಅವರ ವಾದದಲ್ಲಿ ಹುರುಳಿರಬಹುದು, ಆದರೆ ಗಿರಾಕಿಗೆ ಅದು ಬಿಲ್ಲಿನ ಸಾಲಿನಲ್ಲಿ ನಿಂತ ಮೇಲೆ ಗೊತ್ತಾಗಬಾರದು. ಶೆಲ್ಫಿನ ಚೀಟಿಯಲ್ಲಿ ಮಾರುವ ಬೆಲೆಯ ಕಿಲೋ ದರ ಕಡ್ಡಾಯವಾಗಲಿ, ಗ್ರಾಂಗೆ 0.19 ಎಂದು ಬರೆದರೆ ನಮ್ಮ ಅತ್ತೆಯವರಿಗೆ ಏನೂ ತಿಳಿಯದು, ಕಿಲೋಗೆ ₹190 ಎಂದರೆ ತಟ್ಟನೆ ತಿಳಿಯುತ್ತದೆ.

ಕೊನೆಯದು ತೀರಾ ಸಣ್ಣ ಕೆಲಸ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬರುವ ಇಂಥ ದೂರುಗಳನ್ನು ‘ಸೇವೆಯ ದೋಷ’ ಎಂಬ ದೊಡ್ಡ ಚೀಲಕ್ಕೆ ತುಂಬದೆ, ಬೆಲೆಯ ಬಗ್ಗೆ ಕೊಟ್ಟ ಮಾತು ಮುರಿದದ್ದು ಎಂದು ಪ್ರತ್ಯೇಕವಾಗಿ ದಾಖಲಿಸಿಕೊಳ್ಳುವಂತೆ ಸೂಚಿಸಿ. ಯಾವ ಊರಿನ ಯಾವ ಮಳಿಗೆಯ ಮೇಲೆ ಎಷ್ಟು ಬಂದವು ಎಂಬುದನ್ನು ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಂಗಳಿಗೊಮ್ಮೆ ಕಳುಹಿಸಿದರೆ ತುಮಕೂರಿನ ಇನ್‌ಸ್ಪೆಕ್ಟರು ತಕ್ಕಡಿಯ ಜೊತೆಗೆ ಬೋರ್ಡನ್ನೂ ನೋಡಿಯಾರು. ನಮ್ಮ ಸಂಸದರಾದ ಶ್ರೀ ವಿ. ಸೋಮಣ್ಣ ಅವರೂ ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದಾರೆ, ಈ ಪತ್ರದ ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ. ಬಿಲ್ಲು, ಆ್ಯಪ್‌ನ ಸ್ಕ್ರೀನ್‌ಶಾಟ್, ಬೋರ್ಡಿನ ಫೋಟೊ ಮೂರನ್ನೂ ಜೋಪಾನವಾಗಿಟ್ಟಿದ್ದೇನೆ. ತಮ್ಮ ಕಚೇರಿ ಕೇಳಿದರೆ ಅಂದೇ ಕಳುಹಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಎಸ್.ಎಸ್. ಪುರಂನ ಒಬ್ಬ ಗ್ರಾಹಕಿ
ತುಮಕೂರು