ಹಗ್ಗ ಕಟ್ಟುವವರಿಗೆ ಮೊದಲ ನಮಸ್ಕಾರ

ಬಂದರಿನೊಳಗಿನ ಅಲೆಗಳ ಗಣಕ ಮಾದರಿಯ ಬಗ್ಗೆ ನಾನು ಬರೆದ ಪಿಎಚ್‌.ಡಿ. ಪ್ರಬಂಧ ಕಳೆದ ವಾರ ಅಂಗೀಕಾರವಾಯಿತು. ಆರು ವರ್ಷ ಹಿಡಿಯಿತು. ಮೊದಲ ಪುಟದಲ್ಲಿ ನಾಲ್ಕು ಸಾಲಿನ ಕೃತಜ್ಞತೆ ಬರೆದಿದ್ದೇನೆ. ಅದು ಏನೇನೂ ಸಾಲದು.

ನನ್ನ ಮೊದಲ ನಮಸ್ಕಾರ ಧಕ್ಕೆಯಲ್ಲಿ ಹಡಗುಗಳ ಹಗ್ಗ ಕಟ್ಟುವ ಹಿರಿಯರಿಗೆ. ಮೂರನೆಯ ವರ್ಷದಲ್ಲಿ ನನ್ನ ಮಾದರಿ ಬಂದರು ಶಾಂತವಾಗಿದೆ ಎನ್ನುತ್ತಿತ್ತು. ಅಲೆತಡೆಗೋಡೆಯ ಹಿಂದೆ ಅಲೆ ಒಂದು ಗೇಣನ್ನೂ ಮೀರುತ್ತಿರಲಿಲ್ಲ. ನೀರಿನ ಏರಿಳಿತ ಅಳೆಯಲು ಧಕ್ಕೆಯ ಬುಡದಲ್ಲಿ ಇಳಿಸಿದ್ದ ಒತ್ತಡಮಾಪಕವೂ ಅದನ್ನೇ ಹೇಳುತ್ತಿತ್ತು. ಆದರೂ ಹಡಗುಗಳ ಹಗ್ಗ ಹರಿಯುತ್ತಿತ್ತು. ಹಗ್ಗವೇ ಹಳೆಯದಿರಬೇಕು ಎಂದೆ. ಅವರು ಸಿಟ್ಟಾಗಲಿಲ್ಲ. "ಇಲ್ಲಿ ನೀರು ಏರುವುದಿಲ್ಲ, ಹರಿಯುತ್ತದೆ. ನಿಧಾನವಾಗಿ ಅತ್ತ, ನಿಧಾನವಾಗಿ ಇತ್ತ. ಕುಳಿತು ನೋಡಮ್ಮ" ಎಂದರು. ಕುಳಿತು ನೋಡಿದೆ. ಗಡಿಯಾರ ಹಿಡಿದು ಎಣಿಸಿದಾಗ ನೀರು ಒಮ್ಮೆ ಅತ್ತ ಹೋಗಿ ಇತ್ತ ಬರಲು ಒಂದೂವರೆ ನಿಮಿಷದಷ್ಟು ಬಂತು. ಹಗ್ಗ ಹರಿಯುವುದಕ್ಕೂ ನೀರು ಹರಿಯುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದವಿರುವುದು ಅಂದು ನನ್ನನ್ನು ಬಹಳ ಹೊತ್ತು ಕಾಡಿತು.

ಮಾರ್ಗದರ್ಶಕರು ಆ ಮಾತು ಕೇಳಿದವರೇ ಕರಿಹಲಗೆಯತ್ತ ನಡೆದರು. ನಮ್ಮ ಬಂದರು 600 ಮೀಟರ್ ಉದ್ದ, 9 ಮೀಟರ್ ಆಳ, ಒಂದು ತುದಿ ಕಡಲಿಗೆ ತೆರೆದಿದೆ. ಅಲ್ಲಿ ಹೀಗೆ ನಿಧಾನವಾಗಿ ಆಡುವ ದೀರ್ಘ ಅಲೆಯ ವೇಗ ಸೆಕೆಂಡಿಗೆ ಸುಮಾರು 9.4 ಮೀಟರ್. ಇಂಥ ಕೊಳದಲ್ಲಿ ನೀರು ಸಹಜವಾಗಿ ತೂಗಾಡುವ ಬಗೆಗಳಲ್ಲಿ ಎರಡನೆಯದಕ್ಕೆ 85 ಸೆಕೆಂಡ್ ಬೇಕು. ಆ ತೂಗಾಟದಲ್ಲಿ ಒಳತುದಿಯಿಂದ 200 ಮೀಟರ್ ದೂರದಲ್ಲಿ ನೀರಿನ ಮಟ್ಟ ಬದಲಾಗದ ಒಂದು ನಿಸ್ಪಂದ ಬಿಂದು ಇರುತ್ತದೆ. ನೀರಿನ ಅತ್ತಿತ್ತ ಹರಿವು ಅತಿ ಹೆಚ್ಚಾಗುವುದೂ ಅಲ್ಲೇ. ಒಳತುದಿಯಲ್ಲಿ ನೀರು ಹತ್ತು ಸೆಂಟಿಮೀಟರ್ ಮೇಲೆ ಕೆಳಗೆ ಆಡಿದರೆ ಸಾಕು, ಈ ಬಿಂದುವಿನಲ್ಲಿ ಅದು ಎರಡೂವರೆ ಮೀಟರಿಗಿಂತ ಹೆಚ್ಚು ದೂರ ಹಡಗನ್ನು ಎಳೆದಾಡುತ್ತದೆ. ನಾನು ಮಾಪಕ ಇಟ್ಟಿದ್ದು ಸರಿಯಾಗಿ ಆ ಜಾಗದಲ್ಲಿ.

ಮಾಪಕವನ್ನು ಒಳತುದಿಗೆ ಸಾಗಿಸಿದ ಮುಳುಗುಗಾರರಿಗೆ ವಂದನೆಗಳು. ಕೆಸರು ನೀರಿನಲ್ಲಿ ಕೈಯೇ ಕಾಣದಿದ್ದರೂ ಅವರು ಎರಡು ಸಲ ಇಳಿದರು.

ನನ್ನ ಹಳೆಯ ಮಾದರಿ ಅಲೆಗಳ ಶಕ್ತಿಯ ಸರಾಸರಿಯನ್ನಷ್ಟೇ ಲೆಕ್ಕ ಹಾಕುತ್ತಿತ್ತು; ಈ ತೂಗಾಟ ಅದಕ್ಕೆ ಕಾಣುತ್ತಿರಲಿಲ್ಲ. ಒಂದೊಂದು ಅಲೆಯನ್ನೂ ಹಿಂಬಾಲಿಸುವ ಮಾದರಿ ಬೇಕಾಯಿತು. ಆಳವಿಲ್ಲದ ನೀರಿನ ಅಲೆಗಳಿಗೆ 1872ರಲ್ಲಿ ಫ್ರೆಂಚ್ ಗಣಿತಜ್ಞ ಬುಸಿನೆಸ್ಕ್ ಕೊಟ್ಟ ಸಮೀಕರಣಗಳನ್ನು 1967ರಲ್ಲಿ ಬ್ರಿಟಿಷ್ ಗಣಿತಜ್ಞ ಪೆರೆಗ್ರೀನ್ ಏರುತಗ್ಗಿನ ತಳಕ್ಕೆ ಒಗ್ಗಿಸಿದರು. ಅವುಗಳ ಮೇಲೆ ತಂತ್ರಾಂಶ ಕಟ್ಟಿ, ಮೂಲ ಸಂಕೇತವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟವರ ಋಣ ದೊಡ್ಡದು. ಅವರಲ್ಲಿ ಒಬ್ಬರನ್ನೂ ನಾನು ಕಂಡಿಲ್ಲ.

ಅಷ್ಟಾದ ಮೇಲೂ ಏಳು ತಿಂಗಳು ಫಲಿತಾಂಶ ಕೈಗೆ ಸಿಗಲಿಲ್ಲ. ಗಣಕದ ಲೆಕ್ಕದೊಳಗಿನ ಕಡಲಿನ ಅಂಚಿಗೆ ಹೋದ ಅಲೆಗಳು ಕಡಲಿಗೆ ಹೊರಟುಹೋಗದೆ ಗೋಡೆಗೆ ಬಡಿದಂತೆ ಮರಳಿ ಬರುತ್ತಿದ್ದವು. ಅವನ್ನು ಹೀರಿಕೊಳ್ಳುವ ಪದರ ತೀರಾ ಕಿರಿದಾಗಿದೆ ಎಂದು ಗುರುತಿಸಿದ್ದು ಪ್ರಯೋಗಾಲಯದ ಗೆಳತಿ, ತನ್ನ ಸ್ವಂತ ಪ್ರಬಂಧದ ಗಡುವಿನ ವಾರದಲ್ಲಿ. ಆ ಉಪಕಾರವನ್ನು ಹೇಗೆ ತೀರಿಸಲಿ! ಆ ತಿಂಗಳುಗಳಲ್ಲಿ ಅಮ್ಮ ಒಮ್ಮೆಯೂ "ಯಾವಾಗ ಮುಗಿಯುತ್ತದೆ" ಎಂದು ಕೇಳಲಿಲ್ಲ.

ಮೊನ್ನೆ ಅಂತಿಮ ನಕ್ಷೆಯನ್ನು ಮುದ್ರಿಸಿಕೊಂಡು ಧಕ್ಕೆಗೆ ಹೋದೆ. ಹಿರಿಯರು ಹರಿವು ಅತಿ ಹೆಚ್ಚಿರುವ ಕೆಂಪು ಬಣ್ಣದ ಜಾಗದ ಮೇಲೆ ಬೆರಳಿಟ್ಟು, "ಹಾಗಾದರೆ ಹಡಗನ್ನು ಎಷ್ಟು ಮುಂದಕ್ಕೆ ಕಟ್ಟಬೇಕು?" ಎಂದು ಕೇಳಿದರು. ಆ ಲೆಕ್ಕವನ್ನು ಇಂದು ಬೆಳಿಗ್ಗೆ ಗಣಕಕ್ಕೆ ಹಾಕಿದ್ದೇನೆ.